ಕೋಲಾರದ ಗೆಳೆಯನ ಮನೆಗೆ ಬರೋರು ಇಷ್ಟು ಓದಿಕೊಂಡು ಬನ್ನಿ

ನಮ್ಮ ಮನೆ ಕೋಲಾರದ ಕೋಟೆ ಏರಿಯಾದಲ್ಲಿದೆ. ಬೆಂಗಳೂರಿನಿಂದ ಗೆಳೆಯರು ಬರುತ್ತಲೇ ಇರುತ್ತಾರೆ, ಆ ಕೆಜಿಎಫ್ ಸಿನಿಮಾ ಬಂದ ಮೇಲಂತೂ ಇನ್ನೂ ಜಾಸ್ತಿ. ಬಸ್ ಇಳಿದ ತಕ್ಷಣ ಎಲ್ಲರದ್ದೂ ಒಂದೇ ಪ್ರಶ್ನೆ, "ಲೋ, ಚಿನ್ನದ ಗಣಿ ಎಲ್ಲೋ?" ಅದು ಇಲ್ಲಿಂದ ಸುಮಾರು 30 ಕಿಲೋಮೀಟರ್ ಕಣೋ, ಇದು ಕೋಲಾರ, ಅದು ಕೆಜಿಎಫ್ ಅಂದರೆ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಬಂದಿದ್ದೇ ಬಂದಿರಿ, ನಮ್ಮೂರನ್ನೂ ಸ್ವಲ್ಪ ನೋಡಿ ಅಂತ ಪ್ರತಿಸಲ ಬಾಯಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಿಮಗೂ ಇಲ್ಲೊಬ್ಬ ಗೆಳೆಯನೋ ಗೆಳತಿಯೋ ಇದ್ದರೆ, ಮನೆಯವರ ಕಡೆಯಿಂದ ಬಂದ ಮಾತು ಅಂದುಕೊಂಡು ಓದಿ.

ಯಾವಾಗ ಬರಬೇಕು

ನನ್ನನ್ನು ಕೇಳಿದರೆ ಡಿಸೆಂಬರ್, ಜನವರಿ. ಒಂದು ಕಾರಣ ಚಳಿ. ನಮ್ಮದು ಬಂಡೆಗಳ ಊರು, ಏಪ್ರಿಲ್ ಮಧ್ಯಾಹ್ನ ಬಂದರೆ ಬರಿಗಾಲಲ್ಲಿ ದೇವಸ್ಥಾನದ ಅಂಗಳ ದಾಟುವಷ್ಟರಲ್ಲಿ ಕುಣಿದುಬಿಡುತ್ತೀರಿ. ಎರಡನೇ ಕಾರಣ ಅವರೆಕಾಯಿ, ಅದು ಮೊದಲನೆಯದಕ್ಕಿಂತ ದೊಡ್ಡದು. ಆ ಎರಡು ತಿಂಗಳು ಇಲ್ಲಿನ ಯಾವ ಮನೆಗೆ ಹೋದರೂ ಸೊಗಡು ಅವರೆಯ ವಾಸನೆ. ಮಾವಿನ ಹುಚ್ಚು ಇದ್ದವರು ಮೇ, ಜೂನ್‌ನಲ್ಲಿ ಬರಬಹುದು, ಶ್ರೀನಿವಾಸಪುರದ ಮಾವು ಆಗ ಬರುತ್ತದೆ. ಬಿಸಿಲು ಮಾತ್ರ ನಿಮ್ಮ ಹಣೆಬರಹ.

ಬರೋದಾದರೆ ಎರಡು ದಿನಕ್ಕೆ ಬನ್ನಿ. ಬೆಳಿಗ್ಗೆ ಬಂದು ಸಾಯಂಕಾಲ ಓಡುವ ಪ್ಲಾನ್ ಇದ್ದರೆ ನಿಮ್ಮ ಗೆಳೆಯನಿಗೆ ನೀವು ಬಂದ ಹಾಗೇ ಅನ್ನಿಸಲ್ಲ. ಒಂದು ವಾರ ಮುಂಚೆ ಫೋನ್ ಮಾಡಿ. "ಸುಮ್ನೆ ಈ ಕಡೆ ಬಂದಿದ್ದೆ" ಅಂತ ಬೈಪಾಸಿಂದ ಫೋನ್ ಮಾಡಿದರೆ ನಾವು ಬಾ ಅಂತಲೇ ಅನ್ನುತ್ತೇವೆ, ಆದರೆ ಒಳಗೆ ಅಮ್ಮ ಮುದ್ದೆಗೆ ಎಸರಿಟ್ಟು ಹಿಟ್ಟು ಅಳೆದು ಆಗಿರುತ್ತದೆ.

ಬರೋದು ಹೇಗೆ

ಬೆಂಗಳೂರಿಂದ 70 ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ರಾಷ್ಟ್ರೀಯ ಹೆದ್ದಾರಿ 75. ಹೊಸಕೋಟೆ ದಾಟಿದ ಮೇಲೆ ರಸ್ತೆ ಬೆಣ್ಣೆ, ಅಲ್ಲಿವರೆಗೆ ಕೆ.ಆರ್. ಪುರದ ದೇವರೇ ಕಾಪಾಡಬೇಕು. ಶನಿವಾರ ಬೆಳಿಗ್ಗೆ ಏಳರೊಳಗೆ ಮನೆ ಬಿಡಿ, ಎಂಟಕ್ಕೆ ಬಿಟ್ಟವರು ಹತ್ತಕ್ಕೂ ಟಿನ್ ಫ್ಯಾಕ್ಟರಿ ಹತ್ತಿರವೇ ಇರುತ್ತಾರೆ.

ಮೆಜೆಸ್ಟಿಕ್‌ನಿಂದ ಕೆಎಸ್ಆರ್‌ಟಿಸಿ ಬಸ್ ಎಷ್ಟು ಬೇಕಾದರೂ ಸಿಗುತ್ತವೆ. ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ, ಗುರುತಿನ ಚೀಟಿ ಇಟ್ಟುಕೊಂಡಿರಿ. ಒಂದು ವಿಷಯದಲ್ಲಿ ಮಾತ್ರ ಹುಷಾರು. ತಿರುಪತಿ ಕಡೆ ಹೋಗುವ ಬಸ್ ಹತ್ತಿದರೆ, ಅದು ಊರೊಳಗೆ ಬರುತ್ತಾ ಅಂತ ಕಂಡಕ್ಟರ್ ಹತ್ತಿರ ಮೊದಲೇ ಕೇಳಿ. ಕೆಲವು ಬಸ್ಸಿನವರು ಬೈಪಾಸ್‌ನಲ್ಲೇ ಇಳಿಸಿ ಹೋಗಿಬಿಡುತ್ತಾರೆ, ಆಮೇಲೆ ಸ್ಕೂಟರ್ ತಗೊಂಡು ನಾವೇ ಬರಬೇಕು. ರೈಲಿನಲ್ಲಿ ಬರೋ ಆಸೆ ಇದ್ದರೆ ಬಂಗಾರಪೇಟೆಯಲ್ಲಿ ಇಳಿಯಿರಿ. ಅದು ಬೆಂಗಳೂರು–ಚೆನ್ನೈ ಮೇನ್ ಲೈನು, ರೈಲು ಬೇಕಾದಷ್ಟಿವೆ. ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಕೋಲಾರಕ್ಕೂ ಸ್ಟೇಷನ್ ಇದೆ, ಆದರೆ ಅದು ಬಂಗಾರಪೇಟೆ–ಚಿಕ್ಕಬಳ್ಳಾಪುರ ಲೈನಿನಲ್ಲಿದೆ, ರೈಲು ಕಡಿಮೆ.

ಕೈಯಲ್ಲಿ ಏನು ತರೋದು? ಹಣ್ಣು, ಹೂವು ಸಾಕು. ದಯವಿಟ್ಟು ತರಕಾರಿ ತರಬೇಡಿ. ಒಬ್ಬ ಮಹಾನುಭಾವ ಬರುವಾಗ ದಾರಿಯಲ್ಲಿ ಚೀಪಾಗಿ ಸಿಕ್ಕಿತು ಅಂತ ಎರಡು ಕೆಜಿ ಟೊಮೇಟೊ ತಂದಿದ್ದ. ನಮ್ಮ ಎಪಿಎಂಸಿ ಟೊಮೇಟೊ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು, ಸೀಸನ್‌ನಲ್ಲಿ 15 ಕೆಜಿ ಬಾಕ್ಸ್‌ಗಳು ಗುಡ್ಡದ ಹಾಗೆ ಬಿದ್ದಿರುತ್ತವೆ. ನಮ್ಮಮ್ಮ ಆ ಕವರ್ ಈಸಿಕೊಂಡು ಏನೂ ಮಾತಾಡಲಿಲ್ಲ. ಅವನು ಹೋದ ಮೇಲೆ ನಕ್ಕಿದ್ದು ಇನ್ನೂ ನಿಂತಿಲ್ಲ.

ಮನೆಗೆ ಬಂದ ಮೇಲೆ

ಗೆಳೆಯನ ಅಮ್ಮನನ್ನು ಆಂಟಿ ಅನ್ನಬೇಡಿ, ಅಮ್ಮ ಅನ್ನಿ. ಮನೆಯಲ್ಲಿ ತೆಲುಗು ಕೇಳಿಸಿದರೆ ಗಾಬರಿಯಾಗಬೇಡಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಮಾತು ತೆಲುಗು, ಜಗುಲಿಯ ಮಾತು ಕನ್ನಡ. ಪೇಟೆಗೆ ಹೋದರೆ ಉರ್ದು, ಕೆಜಿಎಫ್‌ಗೆ ಹೋದರೆ ತಮಿಳು. ನಾವು ನಾಲ್ಕನ್ನೂ ಕಲಸಿ ಮಾತಾಡುತ್ತೇವೆ. ನೀವು ಕನ್ನಡದಲ್ಲೇ ಮಾತಾಡಿ, ಎಲ್ಲರಿಗೂ ಬರುತ್ತದೆ.

ಮುದ್ದೆ ಅಗಿಯಬಾರದು, ನುಂಗಬೇಕು. ಸಣ್ಣ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಒಳಗೆ ಬಿಡಿ. ಬಸ್ಸಾರು ಇರಬಹುದು, ಮಸೊಪ್ಪು ಇರಬಹುದು, ಅವರೆಯ ಕಾಲವಾದರೆ ಹಿತಕಿದ ಬೇಳೆ ಸಾರು ಖಂಡಿತ. ಆ ಸಾರು ತಿನ್ನೋದು ಸುಲಭ, ಅದರ ಹಿಂದಿನ ಕೆಲಸ ಸುಲಭವಲ್ಲ. ಕಾಯಿ ಸುಲಿಯಬೇಕು, ಕಾಳು ರಾತ್ರಿ ನೆನೆ ಹಾಕಬೇಕು, ಬೆಳಿಗ್ಗೆ ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆ ಹಾರಿಸಬೇಕು. ಮನೆಯವರ ಮನಸ್ಸು ಗೆಲ್ಲೋಕೆ ನನಗೆ ಗೊತ್ತಿರೋ ಒಂದೇ ದಾರಿ ಇದು. ಮೊಬೈಲ್ ಪಕ್ಕಕ್ಕಿಟ್ಟು ಅಮ್ಮನ ಪಕ್ಕ ಚಾಪೆ ಮೇಲೆ ಕೂತು ಅರ್ಧ ಗಂಟೆ ಅವರೆಕಾಳು ಹಿತುಕಿ. ಊರಿನ ಅರ್ಧ ಚರಿತ್ರೆ ಅಲ್ಲೇ ಸಿಗುತ್ತದೆ, ಜೊತೆಗೆ ನಿಮ್ಮ ಗೆಳೆಯ ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ತೆಗೆದಿದ್ದ ಅನ್ನೋದೂ.

ಮೊದಲ ದಿನ ಊರು ಬಿಟ್ಟು ಎಲ್ಲೂ ಹೋಗಬೇಡಿ

ಸಾಧ್ಯವಾದರೆ ಶುಕ್ರವಾರ ರಾತ್ರಿಯೇ ಬಂದು ಮಲಗಿ. ಯಾಕೆಂದರೆ ಮೊದಲ ಕೆಲಸ ಅಂತರಗಂಗೆ, ಅದೂ ಬೆಳಕು ಹರಿಯುವಾಗ. ಊರಿಂದ ಮೂರು ನಾಲ್ಕು ಕಿಲೋಮೀಟರ್, ಆಟೋ ಸಿಗುತ್ತದೆ. ಶತಶೃಂಗ ಬೆಟ್ಟದ ಬುಡದಿಂದ ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಅಲ್ಲಿ ಕಲ್ಲಿನ ಬಸವನ ಬಾಯಿಂದ ವರ್ಷಪೂರ್ತಿ ನೀರು ಬೀಳುತ್ತದೆ. ಕೋಲಾರ ಅಂದರೆ ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಧೂಳೇ ಬರುತ್ತಿದ್ದ ಜಿಲ್ಲೆ. ಅಂಥ ಜಾಗದಲ್ಲಿ ಬೆಟ್ಟದ ಮೇಲೆ ಸುಮ್ಮನೆ ಸುರಿಯುವ ನೀರು ನೋಡಿ ನಮಗೇ ಇನ್ನೂ ಸೋಜಿಗ. ಕಾರ್ತಿಕ ಸೋಮವಾರ ಮಾತ್ರ ಬರಬೇಡಿ, ಜನರ ತಲೆ ಬಿಟ್ಟು ಬೇರೇನೂ ಕಾಣಲ್ಲ.

ಕೋತಿಗಳ ಬಗ್ಗೆ ಹೇಳಲೇಬೇಕು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇರಬಾರದು, ಅಷ್ಟೇ. ಒಳಗೆ ಏನಿದೆ ಅನ್ನೋದು ಅವುಗಳಿಗೆ ಬೇಕಾಗಿಲ್ಲ, ಕವರ್ ಸದ್ದು ಕೇಳಿಸಿದರೆ ಸಾಕು. ನನ್ನ ಗೆಳೆಯನೊಬ್ಬನ ಇಡ್ಲಿ ಪೊಟ್ಟಣ ಹೋಯಿತು, ಅದು ಪರವಾಗಿಲ್ಲ, ಅದೇ ಕವರ್‌ನಲ್ಲಿ ಬೈಕ್ ಕೀ ಇಟ್ಟಿದ್ದ! ಎರಡು ಗಂಟೆ ಬಂಡೆಯ ಕೆಳಗೆ ನಿಂತು ಕೋತಿಗೆ ಬಾಳೆಹಣ್ಣು ತೋರಿಸಿದೆವು. ಕೀ ಕೊನೆಗೆ ಸಿಕ್ಕಿತು, ಬಾಳೆಹಣ್ಣು ಬೇರೆ ಕೋತಿ ತಿಂದಿತು.

ಗುಡಿಯಿಂದ ಇನ್ನೂ ಮೇಲೆ ಹತ್ತಿದರೆ ಬಂಡೆಗಳು ಒಂದರ ಮೇಲೊಂದು ಬಿದ್ದು ಆದ ಗುಹೆಗಳಿವೆ. ಕೆಲವು ಕಡೆ ತೆವಳಿಕೊಂಡೇ ಹೋಗಬೇಕು. ಅದು ಅರಣ್ಯ ಇಲಾಖೆಯ ಜಾಗ, ಗುಹೆ ಕಡೆ ಹೋಗೋದಾದರೆ ಅನುಮತಿ ವಿಚಾರಿಸಿಕೊಂಡು, ದಾರಿ ಗೊತ್ತಿರೋರ ಜೊತೆ ಹೋಗಿ. ರಾತ್ರಿ ನಾವಾಗೇ ಹತ್ತಿಬಿಡೋಣ ಅನ್ನೋ ಹೀರೋಗಳಿಗೆ ನಾನು ಜೊತೆ ಬರಲ್ಲ, ನಿಮ್ಮ ಗೆಳೆಯನನ್ನೂ ಕರೆಯಬೇಡಿ. ಬೆಟ್ಟದ ಮೇಲೆ ತೇರಹಳ್ಳಿಯಂಥ ಊರುಗಳೇ ಇವೆ, ಜನ ಅಲ್ಲೇ ರಾಗಿ ಬೆಳೆದುಕೊಂಡು ಇದ್ದಾರೆ. ಅಲ್ಲಿಗೆ ಬೇರೆ ರಸ್ತೆ ಇದೆ, ಟೈಮ್ ಇದ್ದರೆ ಗಾಡಿಯಲ್ಲಿ ಹೋಗಿ ಬನ್ನಿ.

ಇಳಿದು ಬಂದು ತಿಂಡಿ ತಿಂದು, ಹತ್ತು ಗಂಟೆ ಒಳಗೆ ಕೋಟೆಗೆ ಬನ್ನಿ. ಮಧ್ಯಾಹ್ನ ಗರ್ಭಗುಡಿಗಳ ಬಾಗಿಲು ಹಾಕುತ್ತಾರೆ. ಕೋಲಾರಮ್ಮನ ಗುಡಿ, ಸೋಮೇಶ್ವರನ ಗುಡಿ ಎರಡೂ ನಡೆದು ಹೋಗುವಷ್ಟು ಹತ್ತಿರ, ಎರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಗಾಡಿ ಮನೆಯಲ್ಲೇ ಬಿಡಿ, ಈ ಗಲ್ಲಿಗಳಲ್ಲಿ ಪಾರ್ಕಿಂಗ್ ಹುಡುಕೋದು ಚಿನ್ನ ಹುಡುಕೋದಕ್ಕಿಂತ ಕಷ್ಟ.

ಮೊದಲು ಕೋಲಾರಮ್ಮ. ನಮ್ಮೂರಿನ ದೇವತೆ, ಮನೆಯಲ್ಲಿ ಮಗು ಹುಟ್ಟಿದರೂ ಹೊಸ ಗಾಡಿ ಬಂದರೂ ಮೊದಲು ಇಲ್ಲಿಗೇ. ಗುಡಿ ನೋಡಿದರೆ ನಿಮಗೆ ತಮಿಳುನಾಡಿನ ನೆನಪು ಬರುತ್ತದೆ, ಬರಲೇಬೇಕು. ಸಾವಿರ ವರ್ಷದ ಹಿಂದೆ ಈ ಸೀಮೆ ಚೋಳರ ಕೈಯಲ್ಲಿತ್ತು. ಮೊದಲು ಇಟ್ಟಿಗೆಯಲ್ಲಿದ್ದ ಗುಡಿಯನ್ನು ರಾಜೇಂದ್ರ ಚೋಳನ ಕಾಲದಲ್ಲಿ ಕಲ್ಲಿನಲ್ಲಿ ಕಟ್ಟಿಸಿದರಂತೆ. ಹೊರಗೋಡೆಯ ಮೇಲೆ ಸಾಲು ಸಾಲಾಗಿ ತಮಿಳು ಅಕ್ಷರ ಕೆತ್ತಿದ್ದಾರೆ, ಒಳಗೆ ಓಡುವ ಮುಂಚೆ ಅದರ ಪಕ್ಕ ಒಂದು ಸುತ್ತು ಹಾಕಿ. ಈ ಜಿಲ್ಲೆಯಲ್ಲಿ ಶಾಸನ ಎಷ್ಟಿದೆ ಅಂದರೆ, ಬಿ.ಎಲ್. ರೈಸ್ ಮಾಡಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹತ್ತನೇ ಸಂಪುಟ ಪೂರ್ತಿ ಕೋಲಾರದ್ದೇ, 1905ರಲ್ಲಿ ಬಂದಿದ್ದು.

ಒಳಗೆ ಚೇಳಮ್ಮ ಇದ್ದಾಳೆ. ಹೆಸರೇ ಹೇಳುವ ಹಾಗೆ ಚೇಳಿನ ದೇವತೆ, ಇವಳಿಗೆ ನಡೆದುಕೊಂಡರೆ ಚೇಳು ಕಚ್ಚಲ್ಲ ಅನ್ನೋ ನಂಬಿಕೆ. ಇವಳ ಹುಂಡಿ ಡಬ್ಬಿಯಲ್ಲ, ನೆಲದಲ್ಲಿರುವ ಒಂದು ತೂತು. ನೂರಾರು ವರ್ಷದಿಂದ ಜನ ಅದರೊಳಗೆ ಕಾಸು ಹಾಕುತ್ತಲೇ ಇದ್ದಾರೆ. ಚಿಕ್ಕವನಿದ್ದಾಗ ನಾನು ಅದಕ್ಕೆ ಕಿವಿ ಇಟ್ಟು, ಕಾಸು ಎಷ್ಟು ಹೊತ್ತಿಗೆ ತಳ ಮುಟ್ಟುತ್ತೆ ಅಂತ ಕೇಳಿಸಿಕೊಳ್ಳೋಕೆ ಹೋಗಿ ಅಜ್ಜಿಯ ಕೈಯಲ್ಲಿ ಪೆಟ್ಟು ತಿಂದಿದ್ದೇನೆ. ನೀವೂ ಒಂದು ನಾಣ್ಯ ಜೇಬಿನಲ್ಲಿ ಇಟ್ಟುಕೊಂಡು ಬನ್ನಿ, ಗೂಗಲ್ ಪೇ ಅಲ್ಲಿ ನಡೆಯಲ್ಲ. ಫೋಟೋ ತೆಗೆಯುವ ಮುಂಚೆ ಪೂಜಾರಿಗಳನ್ನು ಒಂದು ಮಾತು ಕೇಳಿ.

ಸೋಮೇಶ್ವರನ ಗುಡಿ ಇನ್ನೊಂದೇ ಥರ. ಇದು ವಿಜಯನಗರದ ಕಾಲದ್ದು, ಎತ್ತರದ ಗೋಪುರ, ವಿಶಾಲವಾದ ಅಂಗಳ. ಬಂದವರೆಲ್ಲ ಗೋಪುರದ ಫೋಟೋ ತೆಗೆದು, ನೇರ ಹೋಗಿ ಮಂಗಳಾರತಿ ತಗೊಂಡು ವಾಪಸ್ ಬಂದುಬಿಡುತ್ತಾರೆ. ಬಲಕ್ಕೂ ಎಡಕ್ಕೂ ತಿರುಗಲ್ಲ. ನೀವು ನೈಋತ್ಯ ಮೂಲೆಗೆ ಹೋಗಿ. ಅಲ್ಲಿ ಕಲ್ಯಾಣ ಮಂಟಪ ಇದೆ, ಒಂದು ಬೆರಳಿಡುವಷ್ಟೂ ಖಾಲಿ ಬಿಡದೆ ಕಂಬ ಕೆತ್ತಿದ್ದಾರೆ. ನನ್ನ ಲೆಕ್ಕದಲ್ಲಿ ಕೋಲಾರ ಪಟ್ಟಣದಲ್ಲಿ ನೋಡಲೇಬೇಕಾದ ಒಂದೇ ಒಂದು ಜಾಗ ಯಾವುದು ಅಂದರೆ ಇದೇ. ಬೇಲೂರು ಹಳೇಬೀಡು ನೋಡಿ ಬಂದವರು ಕೂಡ ಇಲ್ಲಿ ಅರ್ಧ ಗಂಟೆ ಸುಮ್ಮನಾಗಿದ್ದನ್ನು ನಾನು ನೋಡಿದ್ದೇನೆ. ಮಕ್ಕಳಿದ್ದರೆ ಕಂಬಗಳಲ್ಲಿ ಪ್ರಾಣಿ ಹುಡುಕಲು ಬಿಡಿ, ನಿಮ್ಮನ್ನು ಆಮೇಲೆ ಕಾಡಲ್ಲ.

ಇಲ್ಲಿ ಕೂತಾಗ ಹೇಳಬೇಕಾದ ಮಾತು ಒಂದಿದೆ. ಗಂಗರು ಅಂದ ತಕ್ಷಣ ಎಲ್ಲರೂ ತಲಕಾಡು ಅನ್ನುತ್ತಾರೆ. ಅದಕ್ಕೂ ಮುಂಚೆ ಅವರ ರಾಜಧಾನಿ ಇದೇ ಊರು, ಆಗ ಕುವಲಾಲ. ರಾಜಧಾನಿ ಬದಲಾದ ಮೇಲೂ ಗಂಗರು ತಮ್ಮನ್ನು 'ಕುವಲಾಲ ಪುರವರೇಶ್ವರ' ಅಂತಲೇ ಕರೆದುಕೊಂಡರು. ಬೆಂಗಳೂರಲ್ಲಿ ಮನೆ ಕಟ್ಟಿದ ಮೇಲೂ ನಾನು ಕೋಲಾರದವನು ಅನ್ನುತ್ತೇವಲ್ಲ, ಹಾಗೆ. ಬ್ರಿಟಿಷರ ಜಾನ್ ಟೇಲರ್ ಕಂಪನಿ ಕೆಜಿಎಫ್ ಗಣಿಗೆ ಇಳಿದಿದ್ದು 1880ರಲ್ಲಿ. ಅಷ್ಟೊತ್ತಿಗೆ ಈ ಊರಿಗೆ ಸಾವಿರದೈನೂರು ವರ್ಷ ಆಗಿತ್ತು.

ಮಧ್ಯಾಹ್ನ ಊಟ ಮಾಡಿ ಮಲಗಿ. ನಿಜವಾಗಲೂ ಹೇಳುತ್ತಿದ್ದೇನೆ, ಮಲಗಿ. ಮುದ್ದೆ ತಿಂದು ಬಿಸಿಲಲ್ಲಿ ಅಲೆಯೋದು ಆಗದ ಕೆಲಸ, ಮನೆಯವರಿಗೂ ಒಂದು ಗಂಟೆ ಬಿಡುವು ಬೇಕಲ್ವಾ.

ಸಾಯಂಕಾಲ ಮಕ್ಬರಾಗೆ ಹೋಗಿ. ಹೈದರಾಲಿಯ ತಂದೆ ಫತೇ ಮುಹಮ್ಮದ್ ಅವರ ಸಮಾಧಿ ಇರೋದು ಇಲ್ಲೇ. ಹೈದರ್ ಹುಟ್ಟಿದ ಬೂದಿಕೋಟೆಯೂ ನಮ್ಮ ಜಿಲ್ಲೆಯದ್ದೇ, ಬಂಗಾರಪೇಟೆ ತಾಲ್ಲೂಕು. 1782ರಲ್ಲಿ ಚಿತ್ತೂರಿನ ಹತ್ತಿರ ಪಾಳೆಯದಲ್ಲಿ ಹೈದರ್ ತೀರಿಕೊಂಡಾಗ, ದೇಹವನ್ನು ಮೊದಲು ತಂದಿದ್ದು ಇದೇ ಸಮಾಧಿ ಜಾಗಕ್ಕೆ, ಶ್ರೀರಂಗಪಟ್ಟಣಕ್ಕೆ ಹೋಗಿದ್ದು ಆಮೇಲೆ. ಚಪ್ಪಲಿ ಹೊರಗೆ ಬಿಡಿ, ದನಿ ತಗ್ಗಿಸಿ, ಒಳಗೆ ಹೋಗಬಹುದಾ ಅಂತ ಅಲ್ಲಿದ್ದವರನ್ನು ಕೇಳಿ.

ಅಲ್ಲಿಂದ ಕ್ಲಾಕ್ ಟವರ್ ಕಡೆ ನಡೆಯಿರಿ. ಸಂಜೆ ಪೇಟೆಯ ಗದ್ದಲ ನೋಡಿಕೊಂಡು, ಪಾನಿಪುರಿ ತಿನ್ನಿ. ಬಂಗಾರಪೇಟೆ ಸ್ಟೈಲ್ ಅಂತ ಕೇಳಿ. ಪಾನಿ ಹಸಿರಾಗಿರಲ್ಲ, ಬಿಳೀ ನೀರಿನ ಹಾಗೆ ಇರುತ್ತದೆ, ಏನೂ ಇಲ್ಲ ಅಂದುಕೊಂಡು ಬಾಯಿಗೆ ಹಾಕಿಕೊಂಡರೆ ಆಮೇಲೆ ಗೊತ್ತಾಗುತ್ತದೆ ಕಣ್ಣಲ್ಲಿ ಎಷ್ಟು ನೀರಿತ್ತು ಅಂತ. ಊರಿನ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಬಹುದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಅಂದರೆ ನೀವು ಸ್ನಾನ ಮಾಡಿದ ನೀರು ನಿಮಗಿಂತ ಮೊದಲೇ ಕೋಲಾರ ನೋಡಿರುತ್ತದೆ! ಅಂತರ್ಜಲ ಮೇಲೆ ಬಂತು ಅನ್ನೋರೂ ಇದ್ದಾರೆ, ಆ ನೀರನ್ನು ಇನ್ನೂ ಸರಿಯಾಗಿ ಶುದ್ಧ ಮಾಡಿ ಕಳಿಸಿ ಅಂತ ಹೋರಾಡುವವರೂ ಇದ್ದಾರೆ. ಗೆಳೆಯನ ಅಪ್ಪನ ಮುಂದೆ ಈ ವಿಷಯ ಎತ್ತಬೇಡಿ, ರಾತ್ರಿ ಊಟ ಹನ್ನೊಂದಾಗುತ್ತದೆ.

ಎರಡನೇ ದಿನ ಒಂದು ದಿಕ್ಕು ಆರಿಸಿಕೊಳ್ಳಿ

ಇಲ್ಲೇ ಎಲ್ಲರೂ ಎಡವೋದು. ಪೂರ್ವಕ್ಕೆ ಮುಳಬಾಗಿಲು ದಾರಿ, ದಕ್ಷಿಣಕ್ಕೆ ಕೆಜಿಎಫ್ ದಾರಿ. ಎರಡನ್ನೂ ಒಂದೇ ದಿನ ಮುಗಿಸುತ್ತೇವೆ ಅಂತ ಹೊರಟವರು ಕಾರಿನ ಕಿಟಕಿಯಿಂದ ಹುಣಸೆ ಮರ ನೋಡಿ ವಾಪಸ್ ಬಂದಿದ್ದಾರೆ. ಗಾಡಿ ನಿಮ್ಮದೇ ತನ್ನಿ, ಇಲ್ಲವಾದರೆ ಡೀಸೆಲ್ ದುಡ್ಡು ನೀವು ಕೊಡಿ. ಗೆಳೆಯ ಬೇಡ ಅನ್ನುತ್ತಾನೆ. ಬಂಕ್‌ನಲ್ಲಿ ಅವನಿಗಿಂತ ಮೊದಲು ಇಳಿಯಿರಿ.

ನನ್ನ ಓಟು ಮುಳಬಾಗಿಲಿಗೆ. ಸುಮಾರು 30 ಕಿಲೋಮೀಟರ್. ಬೆಳಿಗ್ಗೆ ಬೇಗ ಹೊರಟು ಮೊದಲು ಆವಣಿಗೆ ತಿರುಗಿ. ಒಂದೇ ಪ್ರಾಕಾರದಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಅಂತ ಅಣ್ಣತಮ್ಮಂದಿರ ಹೆಸರಿನ ಶಿವನ ಗುಡಿಗಳು. ಹತ್ತನೇ ಶತಮಾನದ ಸುಮಾರಿಗೆ ನೊಳಂಬರು ಕಟ್ಟಿಸಿದ ಜಾಗ ಇದು. ಲವಕುಶರು ಹುಟ್ಟಿದ್ದು ಇಲ್ಲಿನ ಬೆಟ್ಟದ ಮೇಲೆ ಅಂತ ನಂಬಿಕೆ, ಮೇಲೆ ಸೀತಮ್ಮನ ಗುಡಿ ಇದೆ. ಹತ್ತೋ ಮನಸ್ಸಿದ್ದರೆ ಬಿಸಿಲೇರುವ ಮುಂಚೆ ಹತ್ತಿ. ಊರು ತುಂಬಾ ಶಾಂತ, ಜಾತ್ರೆ ಬಿಟ್ಟು ಬೇರೆ ದಿನ ಹೋದರೆ ಅಂಗಳದಲ್ಲಿ ನೀವು, ನಾಲ್ಕು ಗಿಳಿ, ಅಷ್ಟೇ.

ಆಮೇಲೆ ಮುಳಬಾಗಿಲಿಗೆ ಬಂದು ದೋಸೆ ತಿನ್ನಿ. ದಪ್ಪಗೆ, ಮೇಲೆ ಗರಿಗರಿ, ತುಪ್ಪ ಸುರಿಯುವ ದೋಸೆ. ಬೆಂಗಳೂರಲ್ಲಿ ಇದೇ ಹೆಸರು ಬೋರ್ಡ್ ಹಾಕಿಕೊಂಡ ಅಂಗಡಿಗಳಲ್ಲಿ ತಿಂದಿರುತ್ತೀರಿ, ಇಲ್ಲಿ ಸುಮ್ಮನೆ ದೋಸೆ ಅಂದರೆ ಸಾಕು. ಊರ ಹೆಸರು ಮೂಡಲ ಬಾಗಿಲು ಅನ್ನೋದರಿಂದ ಬಂದಿದ್ದು, ಅದು ಮೈಸೂರು ಸೀಮೆಯ ಪೂರ್ವದ ಬಾಗಿಲು. ಡಿ.ವಿ.ಜಿ. ಹುಟ್ಟಿದ ಊರು ಕೂಡ. ಆಂಜನೇಯನ ಗುಡಿ, ನರಸಿಂಹ ತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ ನೋಡಿಕೊಂಡು, ಅಲ್ಲಿಂದ 10 ಕಿಲೋಮೀಟರ್ ಕುರುಡುಮಲೆಗೆ ಹೋಗಿ. ಒಂದೇ ಕಲ್ಲಿನ ಗಣಪತಿ, 13 ಅಡಿಗೂ ಎತ್ತರ, ಬಾಗಿಲಲ್ಲಿ ನಿಂತರೆ ತಲೆ ಎತ್ತಿ ನೋಡಬೇಕು. ಹೊಸ ಕೆಲಸ ಶುರು ಮಾಡೋರು ಇಲ್ಲಿಗೆ ಬಂದು ಹೋಗುತ್ತಾರೆ, ಚುನಾವಣೆ ಹೊತ್ತಲ್ಲಿ ರಾಜಕಾರಣಿಗಳ ಕಾರುಗಳೂ ಸಾಲುಗಟ್ಟುತ್ತವೆ. ಪಕ್ಕದಲ್ಲೇ ಸೋಮೇಶ್ವರನ ಹಳೇ ಗುಡಿ ಇದೆ, ಗಣಪತಿಯ ಎತ್ತರ ನೋಡಿ ಬಂದವರು ಅದನ್ನು ಮರೆತೇ ಹೋಗುತ್ತಾರೆ.

ಇಲ್ಲ, ಕೆಜಿಎಫ್ ನೋಡಲೇಬೇಕು ಅನ್ನೋದಾದರೆ ಒಂದು ವಿಷಯ ಮೊದಲೇ ತಿಳಿದುಕೊಳ್ಳಿ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋಗಿದ್ದ ಸುರಂಗಗಳು ಈಗ ನೀರಲ್ಲಿವೆ, ಯಾರೂ ನಿಮ್ಮನ್ನು ಒಳಗೆ ಬಿಡಲ್ಲ. ಬೇಲಿ ಹಾರಿ ರೀಲ್ಸ್ ಮಾಡೋಕೆ ಹೋಗಬೇಡಿ. ನೋಡಲು ಸಿಗೋದು ಹೊರಗಿಂದ ಕಾಣುವ ಶಾಫ್ಟ್‌ಗಳ ಕಬ್ಬಿಣದ ಗೋಪುರ, ಬ್ರಿಟಿಷರ ಬಂಗಲೆಗಳು, ಕಾರ್ಮಿಕರ ಸಾಲುಮನೆಗಳು, ಮತ್ತೆ ಸೈನೈಡ್ ದಿಬ್ಬಗಳು. ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡ ಅದು. ಫೋಟೋಗೆ ಚೆನ್ನಾಗಿದೆ ಅಂತ ಹತ್ತಬೇಡಿ, ಗಾಳಿ ಬಂದರೆ ಆ ಧೂಳು ಅಲ್ಲಿನ ಮನೆಗಳ ಅನ್ನದ ತಟ್ಟೆಗೇ ಬೀಳುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಈ ಗಣಿಗೆ ಕರೆಂಟ್ ಬಂತು, ಬೆಂಗಳೂರಿಗೆ ಬಂದಿದ್ದು ಮೂರು ವರ್ಷ ಆದ ಮೇಲೆ. ರಾಬರ್ಟ್‌ಸನ್‌ಪೇಟೆಯ ಟೀ ಅಂಗಡಿಯಲ್ಲಿ ವಯಸ್ಸಾದವರ ಪಕ್ಕ ಕೂತು ಒಂದು ಟೀ ಹೇಳಿ. ಗಣಿಯಲ್ಲಿ ಕೆಲಸ ಮಾಡಿದವರು ಇನ್ನೂ ಇದ್ದಾರೆ, ಕಲ್ಲಿನ ಧೂಳು ಕುಡಿದು ಎದೆ ಹಾಳಾದವರೂ ಇದ್ದಾರೆ. ಅವರನ್ನು ಮೊದಲೇ ಸಿನಿಮಾ ಬಗ್ಗೆ ಕೇಳಬೇಡಿ. ನಾನು ಒಂದು ಸಲ ಕೇಳಿ, "ನಮ್ಮ ಕಥೆ ಅದಲ್ಲಪ್ಪಾ" ಅನ್ನಿಸಿಕೊಂಡು ಬಂದಿದ್ದೇನೆ.

ಅದೇ ದಾರಿಯಲ್ಲಿ ಕಮ್ಮಸಂದ್ರದ ಕೋಟಿಲಿಂಗೇಶ್ವರ ಇದೆ, 108 ಅಡಿ ಲಿಂಗ, ಸುತ್ತ ಲೆಕ್ಕವಿಲ್ಲದಷ್ಟು ಸಣ್ಣ ಲಿಂಗಗಳು. ಹಳೇದಲ್ಲ, ನಮ್ಮ ಅಪ್ಪನ ಕಾಲದ್ದು. ಮನೆಯ ಹಿರಿಯರು ಜೊತೆಗಿದ್ದರೆ ಅವರಿಗೆ ತುಂಬಾ ಇಷ್ಟವಾಗುತ್ತದೆ, ನನಗೆ ಅರ್ಧ ಗಂಟೆ ಸಾಕು.

ವಾಪಸ್ ಹೊರಡುವಾಗ

ಭಾನುವಾರ ಸಂಜೆ ಐದರೊಳಗೆ ಹೊರಡಿ, ಆಮೇಲೆ ತಿರುಪತಿ ಕಡೆಯಿಂದ ಬರೋ ಗಾಡಿಗಳೆಲ್ಲ ಸೇರಿ ಹೊಸಕೋಟೆ ಟೋಲ್ ಹತ್ತಿರ ನಿಲ್ಲಿಸಿಬಿಡುತ್ತವೆ. ಹೊರಡುವ ಅರ್ಧ ಗಂಟೆ ಮುಂಚೆ ಅಮ್ಮ ಚೀಲ ತುಂಬಲು ಶುರು ಮಾಡುತ್ತಾರೆ. ಬೇಡ ಅನ್ನಬೇಡಿ, ಅಂದರೂ ನಡೆಯಲ್ಲ. ಅವರೆಕಾಯಿ, ರಾಗಿ ಹಿಟ್ಟು, ಹುರುಳಿಕಾಳು, ಮೇಲೆ ಒಂದಿಷ್ಟು ಟೊಮೇಟೊ ಇದ್ದೇ ಇರುತ್ತದೆ. ಬಸ್ಸಿನಲ್ಲಿ ಆ ಚೀಲವನ್ನು ಮೇಲಿನ ರ‍್ಯಾಕ್‌ಗೆ ಹಾಕಬೇಡಿ, ಕಾಲ ಹತ್ತಿರ ಇಟ್ಟುಕೊಳ್ಳಿ. ಹಿಂದೆ ಹೇಳಿದ ಆ ಮಹಾನುಭಾವ ಮೇಲೆ ಇಟ್ಟಿದ್ದ. ನರಸಾಪುರ ದಾಟುವಷ್ಟರಲ್ಲಿ ಮುಂದಿನ ಸೀಟಿನ ಯಜಮಾನರ ಬಿಳೀ ಪಂಚೆ ಕೆಂಪಾಗಿತ್ತಂತೆ.